ಬೆಳಗಿನ ಲೈಟು, ಮಧ್ಯಾಹ್ನದ ಹವಾ

ಭೂಪಾಲ ಅಜ್ಜನ ಕೈಯಿಂದ ಪಿಕಪ್ಪಿನ ಚಾವಿ ಕಸಿದುಕೊಂಡದ್ದು ಅವರ ಮಗ. ಕಸಿದುಕೊಳ್ಳುವಂತೆ ಮಾಡಿದ್ದು ನನ್ನ ಬಾಯಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಬೇರೆಯವರು ಹೇಳಿದರೆ ನನ್ನ ಧ್ವನಿಯನ್ನೂ ಸೇರಿಸಿ ಹೇಳುತ್ತಾರೆ.

ಹೋದ ವರ್ಷದ ಚಳಿಗಾಲ. ಕಾಗವಾಡದ ಒಂದು ಟಾಯರ್ ಅಂಗಡಿಯಲ್ಲಿ ನಾನು ಮೆಕ್ಯಾನಿಕ್. ಪಂಚರ್, ಅಲೈನ್‌ಮೆಂಟ್, ಹೊಸ ಗಾಡಿಗಳ ಸೆನ್ಸರ್ ಎಲ್ಲಾ ನನ್ನ ಪಾಲಿಗೆ. ಜೊತೆಗೆ ಪಗಾರಿಲ್ಲದ ಇನ್ನೊಂದು ನೌಕರಿ: ಗಿರಾಕಿ ರಸ್ತೆ ದಾಟುವಷ್ಟರಲ್ಲಿ ಅವರಂತೆ ಕೆಮ್ಮಿ, ಅವರಂತೆ ಮಾತಾಡಿ ಅಂಗಡಿಯನ್ನು ನಗಿಸುವುದು. ನನ್ನ ಸ್ವಂತ ಧ್ವನಿ ವಾಲ್ವ್ ಒತ್ತಿದಾಗ ಬರುವ ಸಪ್ಪಳದಂತಿದೆ. ಅದಕ್ಕೇ ಬೇರೆಯವರದು ಎರವಲು.

ಒಂದು ಮಧ್ಯಾಹ್ನ ಶಿರಗುಪ್ಪಿಯ ಸುಕುಮಾರಣ್ಣ ಅಥಣಿಯಿಂದ ಬರುತ್ತ ತಮ್ಮ ಡಬಲ್ ಕ್ಯಾಬಿನ್ ಪಿಕಪ್ ನಿಲ್ಲಿಸಿ ಹವಾ ನೋಡು ಅಂದರು. ಬಾಗಿಲಿನ ಚೀಟಿಯಲ್ಲಿ ಕಂಪನಿ ಬರೆದದ್ದು 35 ಪಿಎಸ್‌ಐ. ಗೇಜು ತೋರಿಸಿದ್ದು 41. ಹೆಚ್ಚಾಗಿದೆ ಎಂದು ನಾಲ್ಕೂ ಟಾಯರಿನ ಹವಾ 35ಕ್ಕೆ ಇಳಿಸಿದೆ. ನೀಟಾದ ಕೆಲಸ ಅಂತ ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ನಾಲ್ಕು ದಿನಕ್ಕೆ, ಮಧ್ಯಾಹ್ನದ ಹೊತ್ತಿಗೇ, ಅವರ ತಂದೆ ಬಂದರು. ಭೂಪಾಲ ಅಜ್ಜನಿಗೆ ಎಪ್ಪತ್ತು ದಾಟಿದೆ. ಗೊಂಚಲು ತುಂಬುವ ಕಾಲಕ್ಕೆ ಇಬ್ಬನಿ ಬಿದ್ದರೆ ದ್ರಾಕ್ಷಿಗೆ ಬೂದಿ ರೋಗ ಹತ್ತೀತೆಂದು, ದಿನಾ ನಸುಕಿನಲ್ಲಿ ತಾವೇ ಪಿಕಪ್ ಹೊಡೆದುಕೊಂಡು ತೋಟಕ್ಕೆ ಹೋಗುವವರು.

"ತಮ್ಮಾ, ಲೈಟ್ ಹತ್ತತೈತೋ. ಕುದರಿ ಲಾಳದಂಗ ಐತಿ, ನಡುವ ಒಂದು ಕಡ್ಡಿ."

ಅದು ಟಾಯರ್ ಹವಾದ ಎಚ್ಚರಿಕೆ. ಪ್ರತಿ ಚಕ್ರದೊಳಗೆ ವಾಲ್ವಿಗೆ ಅಂಟಿಕೊಂಡ ಸೆನ್ಸರ್ ಒಳಗಿನ ಒತ್ತಡ ಅಳೆದು, ವೈರಿಲ್ಲದೆ ಡ್ಯಾಶ್‌ಬೋರ್ಡಿಗೆ ಕಳಿಸುತ್ತದೆ. ಈ ಗಾಡಿಯಲ್ಲಿ ಒತ್ತಡ 28ರ ಆಸುಪಾಸಿಗೆ ಇಳಿದರೆ ಲೈಟ್ ಹತ್ತುತ್ತದೆ, ಏರಿದರೆ ತಾನೇ ಆರುತ್ತದೆ. ನೋಡಿದೆ: 35, ಲೈಟೂ ಇಲ್ಲ. ಕಳಿಸಿದೆ. ಅಜ್ಜ ಮತ್ತೆ ಬಂದರು, ಮತ್ತೆ ಮಧ್ಯಾಹ್ನ, ಮತ್ತೆ 35. ಮೂರನೇ ಸಲ ಸುಕುಮಾರಣ್ಣನೂ ಜೊತೆಗಿದ್ದರು. ಸ್ಕ್ಯಾನರ್ ಹಚ್ಚಿದೆ, ನಾಲ್ಕೂ ಸೆನ್ಸರ್ ಸರಿ, ಬ್ಯಾಟರಿ ಸರಿ.

"ನಾ ಹೊಡದಾಗ ಒಮ್ಮಿನೂ ಹತ್ತಿಲ್ಲೋ," ಅಂದರು ಸುಕುಮಾರಣ್ಣ. "ಏನ್ ದೋಷ ಐತಿ ಹೇಳು."

ನಾನು ಸುಮ್ಮನೆ ಗೊತ್ತಾಗಲಿಲ್ಲ ಅನ್ನಬಹುದಿತ್ತು. ಅಂಗಡಿ ತುಂಬ ಜನ ಇದ್ದರು, ನಾಲಗೆ ತುರಿಸಿತು. ಅಜ್ಜನ ಧ್ವನಿಯಲ್ಲೇ, "ತಮ್ಮಾ, ಗಾಡಿ ಪಾಸ್ ಆತೋ. ಅಜ್ಜಂದ ಸೆನ್ಸರ್ ಚೆಕ್ ಮಾಡಸ್ರೋ!" ಅಂದುಬಿಟ್ಟೆ. ಎಲ್ಲರೂ ನಕ್ಕರು. ಅಜ್ಜನೂ ತುಸು ನಕ್ಕರು. ಸುಕುಮಾರಣ್ಣ ಮಾತ್ರ ನಗಲಿಲ್ಲ, ಅಜ್ಜನ ಕೈಯಲ್ಲಿದ್ದ ಚಾವಿ ಕಸಿದು ತಮ್ಮ ಕಿಸೆಗೆ ಹಾಕಿಕೊಂಡರು.

ಆಮೇಲೆ ಒಂದು ದಿನ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಶಿರಗುಪ್ಪಿ ಹತ್ತಿರ ಕಬ್ಬಿನ ಟ್ರಾಲಿ ಪಂಚರ್ ಆಗಿದೆ ಎಂದು ಫೋನ್ ಬಂತು. ಪಂಚರ್ ಚೀಲ, ಸಣ್ಣ ಕಂಪ್ರೆಸರ್ ಬೈಕಿಗೆ ಕಟ್ಟಿಕೊಂಡು ಹೋಗಿ ಕೆಲಸ ಮುಗಿಸಿದೆ. ತಿರುಗಿ ಬರುವಾಗ ರಸ್ತೆ ಅಂಚಿನಲ್ಲಿ ಮಫ್ಲರ್ ಸುತ್ತಿಕೊಂಡು ಅಜ್ಜ ನಡೆಯುತ್ತಿದ್ದರು, ತೋಟದ ಕಡೆಗೆ.

"ಹತ್ರಿ ಅಜ್ಜಾರ, ಬಿಟ್ಟು ಬರ್ತೀನಿ."

"ಬ್ಯಾಡೋ. ನಿನ್ನ ಬೈಕಿಗೂ ಲೈಟ್ ಹತ್ತಿತಂದ್ರ ಯಾರಿಗೆ ಹೇಳ್ಲಿ?"

ಕಾಡಿ ಬೇಡಿದ ಮೇಲೆ ಹತ್ತಿದರು. ಬೆನ್ನ ಹಿಂದಿನಿಂದ ಮೆಲ್ಲಗೆ ಮಾತು ಬಂತು. "ನನಗೂ ಸಂಶೆ ಬಂದೈತಿ ನೋಡು. ಗೊಂಚಲದ ಮ್ಯಾಲ ಸಾಸಿವಿಯಷ್ಟು ಬೂದಿ ಕಂಡ್ರೂ ಹೇಳ್ತೀನಿ. ಇದೊಂದು ಲೈಟ್ ಅಷ್ಟ ಸುಳ್ಳ ಕಾಣತೈತೇನೋ? ಮನಿ ಬಿಡೂಮುಂದ ಇರತಿತ್ತು. ತೋಟಾ ಸುತ್ತಿ ಬರೂದ್ರಾಗ ಇರತಿದ್ದಿಲ್ಲ."

ನಾನು ಬ್ರೇಕ್ ಒತ್ತಿದೆ. ಹ್ಯಾಂಡಲ್ ಮೇಲೆ ನನ್ನ ಬೆರಳು ಸೆಟೆದು ಹೋಗಿದ್ದವು, ಅಂಥ ಚಳಿ. ಅಥಣಿಯಿಂದ ಬಿಸಿಲಲ್ಲಿ ಓಡಿಬಂದ ಟಾಯರೊಳಗೆ ಹವಾ ಕಾದು ಹಿಗ್ಗಿತ್ತು. ಹಿಗ್ಗಿದ್ದನ್ನು ಹೆಚ್ಚೆಂದು ತಿಳಿದು ಹೊರಗೆ ಬಿಟ್ಟವನು ನಾನು. ರಾತ್ರಿಯೆಲ್ಲ ತಣ್ಣಗಾಗಿ ಕುಗ್ಗಿದರೆ ಅದು 35 ಇದ್ದೀತೆ? ಮಧ್ಯಾಹ್ನ ನೋಡಿದಾಗಲೆಲ್ಲ ಮತ್ತೆ ಕಾದಿರುತ್ತಿತ್ತು. ಚೀಟಿಯ ಅಂಕಿ ತಣ್ಣಗಿರುವ ಟಾಯರಿನದು ಎಂದು ಕೆಲಸ ಕಲಿತ ಮೊದಲ ವಾರವೇ ನನಗೆ ಹೇಳಿಕೊಟ್ಟಿದ್ದರು. ಆಗಲೂ ನಾನು ಯಾರದೋ ಧ್ವನಿ ತೆಗೆಯುತ್ತಿದ್ದೆನೇನೋ.

ಅಜ್ಜನನ್ನು ಕೂಡಿಸಿಕೊಂಡೇ ಬೈಕ್ ತಿರುಗಿಸಿ ಅವರ ಮನೆಗೆ ಹೋದೆ. ಅಂಗಳದ ಪಿಕಪ್ ಮೇಲೆ ಇಬ್ಬನಿ. ಗೇಜು ಹಚ್ಚಿದೆ: 28, 28, 27, 28. ಬಾಗಿಲು ಬಡಿದು ಸುಕುಮಾರಣ್ಣನನ್ನು ಎಬ್ಬಿಸಿದೆ. ಚಾದರ ಹೊದ್ದೇ ಬಂದು ಚಾವಿ ತಿರುಗಿಸಿದರು. ಹಳದಿ ಲಾಳ, ನಡುವೆ ಕಡ್ಡಿ.

"ತಪ್ಪ ನಂದರಿ," ಅಂದೆ, ನನ್ನದೇ ಧ್ವನಿಯಲ್ಲಿ. ಅಲ್ಲೇ ನಾಲ್ಕಕ್ಕೂ 35 ತುಂಬಿಸಿದೆ. ಸ್ವಲ್ಪ ದೂರ ಓಡಿಸಿ ತಂದಾಗ ಲೈಟ್ ಆರಿತ್ತು. ಅಂದಿನಿಂದ ಕಾದ ಟಾಯರಿನ ಹವಾ ಬಿಡುವುದಿಲ್ಲ. ಲೈಟ್ ಹತ್ತಿತು ಎಂದವರಿಗೆ ಮೊದಲ ಪ್ರಶ್ನೆ, ಯಾವ ಹೊತ್ತಿಗೆ ಎಂದು. ಉತ್ತರ ಮುಗಿಯುವವರೆಗೆ ಬಾಯಿ ಬಂದ್.

ಅವತ್ತು ಆ ಅಂಗಳದಲ್ಲೇ ಸುಕುಮಾರಣ್ಣ ತಲೆ ತಗ್ಗಿಸಿ ಚಾವಿಯನ್ನು ತಂದೆಯ ಅಂಗೈಯಲ್ಲಿಟ್ಟರು. ಆದರೂ ಮನಸ್ಸು ಒಪ್ಪದೆ ಕೇಳಿದರು: "ಮತ್ತ ನನಗ್ಯಾಕ ಒಂದ್ ದಿನಾನೂ ಕಾಣಲಿಲ್ಲ ಅಪ್ಪಾ?"

ಅಜ್ಜ ಆಗಲೇ ಸ್ಟೇರಿಂಗ್ ಹಿಡಿದು ಕೂತಿದ್ದರು.

"ನನ್ನ ಕಣ್ಣ ಹೋಗಿಲ್ಲೋ ಮಗನ. ನೀ ಕಣ್ಣ ತೆಗಿಯೂದ ಒಂಬತ್ತಕ್ಕ."