ರೈಲು ಗೇಟಿನಲ್ಲಿ ಸಂತರ ಪಲ್ಲಕ್ಕಿ

ನಾವು ಮನ್ಮಾಡಿನ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದಾಗ ಮಾರ್ಚ್ ಬಂತೆಂದರೆ ನಲ್ಲಿಯಲ್ಲಿ ನೀರು ಬರುವ ದಿನಗಳು ಇನ್ನಷ್ಟು ದೂರ ದೂರವಾಗುತ್ತಿದ್ದವು. ಅಂಥದ್ದರಲ್ಲೂ ಪಕ್ಕದ ಮನೆಯ ಆಂಟಿ ಒಂದು ಡ್ರಮ್ಮು ನೀರನ್ನು ಯಾರೂ ಮುಟ್ಟದ ಹಾಗೆ ಬೇರೆ ಎತ್ತಿಡುತ್ತಿದ್ದರು. ಅದು ಸಂತ ಜೋಸೆಫರ ನೀರು. ಆ ತಿಂಗಳಲ್ಲೇ ಬರುವ ಅವರ ಹಬ್ಬದ ಮುಂಚೆ ಹೆಂಗಸರು ಮೂರ್ತಿಯನ್ನು ಗೂಡಿನಿಂದ ಇಳಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಚರ್ಚಿನ ನೆಲ ತೊಳೆಯುವುದಕ್ಕೆ ಅದು ಬೇಕು.

ಆಂಟಿ, ಅಂಕಲ್ ಹುಬ್ಬಳ್ಳಿ ಕಡೆಯ ಕ್ರೈಸ್ತರು. ಅಂಕಲ್ ಗೂಡ್ಸ್ ಗಾಡಿಯ ಡ್ರೈವರ್. ನಾವು ಕಲಬುರಗಿಯ ಲಿಂಗಾಯತರು, ನನ್ನ ಗಂಡನಿಗೆ ರೈಲ್ವೆ ಆಫೀಸಿನಲ್ಲಿ ಕೆಲಸ. ಸುತ್ತ ಎಲ್ಲ ಮರಾಠಿ, ಹಿಂದಿ. ಗೋಡೆಯ ಆಚೆಯಿಂದ ಕನ್ನಡ ಕೇಳಿಸುತ್ತದೆ ಎನ್ನುವುದೇ ನನಗೆ ದೊಡ್ಡದು. ನಾನು ಕಲಿತದ್ದು ಸಿಸ್ಟರುಗಳ ಶಾಲೆಯಲ್ಲಿ. ಯಾವಾಗ ಮೊಣಕಾಲೂರಬೇಕು, ಯಾವಾಗ ಏಳಬೇಕು ಎಂದು ಗೊತ್ತಿದ್ದುದರಿಂದ ಆಂಟಿ ನನ್ನನ್ನು ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ನೊವೆನಾ ಪ್ರಾರ್ಥನೆಗೆ ಧೈರ್ಯವಾಗಿ ಕರೆದುಕೊಂಡು ಹೋಗುತ್ತಿದ್ದರು. ಈ ಹಬ್ಬ ಬರುವುದು ಅವರು ಮಾಂಸ ಬಿಟ್ಟಿರುವ ತಪಸ್ಸು ಕಾಲದಲ್ಲಿ. ಆ ದಿನಗಳಲ್ಲಿ ನಮ್ಮ ಮನೆಯ ಪಲ್ಯ ಅವರಿಗೆ, ಅವರ ಮನೆಯ ಸಾರು ನಮಗೆ. ‘ಸದ್ಯಕ್ಕ ನೀವೂ ಲಿಂಗಾಯತರೇ ಬಿಡ್ರಿ’ ಎಂದು ನನ್ನ ಗಂಡ ಅಂಕಲ್‌ರನ್ನು ಛೇಡಿಸುವುದು, ಹಬ್ಬದ ದಿನದವರೆಗೆ ಮಾತ್ರ ಎಂದು ಅಂಕಲ್ ನಗುವುದು.

ಆ ವರ್ಷ ಅಂಕಲ್ ರಿಟೈರ್ ಆಗುವವರಿದ್ದರು. ಮೇ ತಿಂಗಳಲ್ಲಿ ಕ್ವಾರ್ಟರ್ಸ್ ಬಿಟ್ಟು ಮಗಳಿದ್ದ ಔರಂಗಾಬಾದಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಆಗಿನ್ನೂ ಆ ಊರಿಗೆ ಹೊಸ ಹೆಸರು ಬಂದಿರಲಿಲ್ಲ. ಹೀಗಾಗಿ ಅದು ಅವರಿಗೆ ಮನ್ಮಾಡಿನ ಕೊನೆಯ ಹಬ್ಬ. ಹಬ್ಬದ ಸಂಜೆ ಸಂತರ ಪಲ್ಲಕ್ಕಿ ರೈಲ್ವೆ ಕಾಲೊನಿಯನ್ನೆಲ್ಲ ಸುತ್ತಿ ಬರುತ್ತದೆ. ಅದರ ಮುಂದಿನ ಎಡಗಡೆಯ ದಂಡಿಗೆಗೆ ವರ್ಷಾ ವರ್ಷಾ ಅವರದೇ ಹೆಗಲು. ಆದರೆ ದೀಪಾವಳಿಯ ಆಸುಪಾಸು ಅವರಿಗೆ ಎದೆನೋವು ಬಂದು, ನಾಸಿಕ್‌ಗೆ ಒಯ್ದು ಸ್ಟೆಂಟ್ ಹಾಕಿಸಿದ್ದರು. ಭಾರ ಎತ್ತಲೇ ಕೂಡದು ಎಂದು ಡಾಕ್ಟರ್ ಹೇಳಿ ಕಳಿಸಿದ್ದ.

ಅಂಕಲ್ ಜಗಳ ಮಾಡಲಿಲ್ಲ. ದಿನಾ ಸಂಜೆ ಪ್ರಾರ್ಥನೆ ಮುಗಿದ ಮೇಲೆ ಪಲ್ಲಕ್ಕಿ ಇಟ್ಟಿದ್ದ ಕೋಣೆಗೆ ಹೋಗಿ, ದಂಡಿಗೆಗೆ ಎಣ್ಣೆ ಹಚ್ಚಿ ಒರೆಸಿ ಬರುತ್ತಿದ್ದರು. ಕಡೆಗೆ, ಇದೊಂದು ಸಲ ಹೊರಲೇ ಎಂದು ಫಾದರ್ ಹತ್ತಿರ ಕೇಳಿದರಂತೆ. ಅವರು ನಿಮ್ಮ ಮನೆಯವರನ್ನು ಕೇಳಿ ಎಂದು ಜಾರಿಕೊಂಡರಂತೆ. ಮನೆಗೆ ಬಂದು ಆಂಟಿಗೆ, ‘ಡಾಕ್ಟರ್ ಭಾರ ಎತ್ತಬ್ಯಾಡ ಅಂದಾನ. ಸಂತ್ರನ್ನ ಭಾರ ಅಂತ ನಾ ಹ್ಯಾಂಗ ಅನ್ಲಿ?’ ಎಂದರಂತೆ.

ಮರುದಿನ ಆಂಟಿ ನಮ್ಮ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಇದನ್ನೆಲ್ಲ ಹೇಳಿದರು. ಮೊದಲು ನಕ್ಕರು. ಆಮೇಲೆ ಕೊತ್ತಂಬರಿ ಸೊಪ್ಪಿನ ದಂಟು ಮುರಿಯುತ್ತಾ, ‘ನಾ ಬ್ಯಾಡ ಅಂದ್ರ ಅವ್ರು ಕೇಳ್ತಾರ ತಂಗಿ. ಅದಕ್ಕ ಅನ್ನಾಕ ಮನಸ ಬರವಲ್ದು’ ಎಂದರು.

ಆದರೂ ಬೇಡ ಎಂದರು. ಅಂಕಲ್ ಮಾತು ಕೇಳಿದರು.

ಹಬ್ಬದ ಸಂಜೆ ಬಿಸಿಲಿನ ಕಾವು ಇನ್ನೂ ನೆಲದಲ್ಲಿತ್ತು. ಮುಂದೆ ಬ್ಯಾಂಡಿನವರು, ಆಮೇಲೆ ಗಂಡಸರ ಸಾಲು, ಅದರ ನಡುವೆ ಪಲ್ಲಕ್ಕಿ, ಹಿಂದೆ ಮೇಣದಬತ್ತಿ ಹಿಡಿದ ಹೆಂಗಸರು. ಅಂಕಲ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕೈಗಳನ್ನು ಹಿಂದೆ ಕಟ್ಟಿ, ಪಲ್ಲಕ್ಕಿಯ ಪಕ್ಕದಲ್ಲಿ ನಡೆಯುತ್ತಿದ್ದರು. ಅವರ ಜಾಗದಲ್ಲಿ ಅವರಷ್ಟೇ ಎತ್ತರದ, ಹಳಿ ಕೆಲಸದ ಗ್ಯಾಂಗ್‌ಮನ್ ಒಬ್ಬನಿದ್ದ. ಎತ್ತರ ಸರಿಹೊಂದದಿದ್ದರೆ ಮೂರ್ತಿ ಒಂದು ಕಡೆ ವಾಲುತ್ತದೆ. ಅಂಕಲ್ ನೋಡುತ್ತಿದ್ದುದು ಮೂರ್ತಿಯನ್ನಲ್ಲ, ಆ ಹೆಗಲನ್ನು.

ಕಾಲೊನಿ ದಾಟುವಲ್ಲಿ ರೈಲು ಗೇಟು ಬಿತ್ತು. ಪಲ್ಲಕ್ಕಿ ಹೊತ್ತವರ ಕೈಯಲ್ಲಿ ಒಂದೊಂದು ಕವಲುಗೋಲು ಇರುತ್ತದೆ. ನಿಲ್ಲಬೇಕಾದಾಗ ಅದನ್ನು ನೆಲಕ್ಕೂರಿ, ದಂಡಿಗೆಯನ್ನು ಕವಲಿನ ಮೇಲೆ ಇಳಿಸಿ ದಣಿವಾರಿಸಿಕೊಳ್ಳುತ್ತಾರೆ. ನಾಲ್ವರೂ ಹಾಗೆ ಇಳಿಸಿದರು. ಎಣ್ಣೆ ಟ್ಯಾಂಕರುಗಳ ಉದ್ದನೆಯ ಗಾಡಿ ನಿಧಾನಕ್ಕೆ ಬಂತು. ಅದರ ಡ್ರೈವರ್ ಸಂತರನ್ನು ಕಂಡು ಒಂದು ಸಲ ಸಣ್ಣಗೆ ಹಾರ್ನ್ ಹಾಕಿದ. ಆ ಊರಿನಲ್ಲಿ ಅದು ರೂಢಿ.

ಆಂಟಿ ತಮ್ಮ ಮೇಣದಬತ್ತಿಯನ್ನು ನನ್ನ ಕೈಗೆ ಕೊಟ್ಟು ಸಾಲು ಬಿಟ್ಟು ಮುಂದೆ ಹೋದರು. ಹೆಂಗಸರು ಹಾಗೆ ಹೋಗುವುದಿಲ್ಲ. ನಾನೂ ಹಿಂದೆಯೇ ಹೋದೆ. ಆಂಟಿ ಗ್ಯಾಂಗ್‌ಮನ್‌ಗೆ ಮರಾಠಿಯಲ್ಲಿ, ಕೋಲು ಬಿಡದೆ ಸ್ವಲ್ಪ ಸರಿದು ನಿಲ್ಲಪ್ಪ ಎಂದು ಹೇಳಿ, ಗಂಡನ ಕಡೆ ತಿರುಗಿದರು.

‘ಬರ್ರಿ. ಗಾಡಿ ಹೋಗೂತನಕಾ ನಿಮ್ದು.’

ಅಂಕಲ್ ಒಂದು ಕ್ಷಣ ಅವರ ಮುಖ ನೋಡಿದರು. ಆಮೇಲೆ ಕರ್ಚೀಫನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡು ದಂಡಿಗೆಯ ಕೆಳಗೆ ಹೋಗಿ ನಿಂತರು. ಭಾರವೆಲ್ಲ ಕವಲಿನ ಮೇಲಿತ್ತು, ಅವರು ಬರೀ ತಾಗಿಸಿಕೊಂಡಿದ್ದರು. ನಾನು ಹಾಗೆಂದುಕೊಂಡೆ. ಟ್ಯಾಂಕರುಗಳು ಒಂದೊಂದಾಗಿ ಹೋಗುತ್ತಲೇ ಇದ್ದವು. ನೋಡನೋಡುತ್ತಲೇ ದಂಡಿಗೆಗೂ ಕವಲಿಗೂ ನಡುವೆ ಬೆರಳು ತೂರುವಷ್ಟು ಸಂದು ಕಾಣಿಸಿತು. ಅವರ ಕತ್ತಿನ ನರ ಉಬ್ಬಿತ್ತು. ಆಂಟಿಯೂ ಅದನ್ನು ಕಂಡರು. ಗಾಡಿಯ ಬಾಲ ಎಲ್ಲಿದೆಯೋ ಎಂದು ಒಮ್ಮೆ ಹಳಿಯ ಕಡೆ, ಒಮ್ಮೆ ಆ ಸಂದಿನ ಕಡೆ ನೋಡುತ್ತಾ ನಿಂತರು. ನನ್ನ ಎರಡೂ ಕೈಯ ಮೇಲೆ ಮೇಣ ಇಳಿಯುತ್ತಿತ್ತು.

ಕೊನೆಯ ಡಬ್ಬಿ ದಾಟಿತು. ಗೇಟು ಎದ್ದಿತು. ಬ್ಯಾಂಡಿನವರು ಶುರು ಮಾಡಲಿಲ್ಲ, ಯಾರೂ ಅಂಕಲ್‌ಗೆ ಸರಿಯಿರಿ ಎನ್ನಲಿಲ್ಲ. ಅಂಕಲ್ ಕದಲಲಿಲ್ಲ.

ಆಂಟಿ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು: ‘ಆತಲ್ರಿ?’

ಅಂಕಲ್ ದಂಡಿಗೆಯನ್ನು ಕವಲಿನ ಮೇಲೆ ಇಳಿಸಿದರು, ಸದ್ದಾಗದ ಹಾಗೆ. ‘ಆತು’ ಎಂದು ಹೊರಗೆ ಬಂದು, ಕರ್ಚೀಫಿನಲ್ಲಿ ಮುಖ ಒರೆಸಿಕೊಂಡರು. ಗ್ಯಾಂಗ್‌ಮನ್ ಹೆಗಲು ಕೊಟ್ಟ. ಪಲ್ಲಕ್ಕಿ ಹಳಿ ದಾಟಿತು.

ಆಂಟಿ ಹೆಂಗಸರ ಸಾಲಿಗೆ ತಿರುಗಿ ಬರಲಿಲ್ಲ. ಗಂಡನ ಮುಂಗೈ ಹಿಡಿದುಕೊಂಡು, ನಾಡಿ ನೋಡುವವರ ಹಾಗೆ ಹೆಬ್ಬೆರಳು ಒತ್ತಿ, ಗಂಡಸರ ನಡುವೆಯೇ ನಡೆದರು. ಅಂಕಲ್ ಇನ್ನೊಂದು ಕೈಯನ್ನು ಹಳಿಯ ಕಡೆ ಚಾಚಿ ಏನೋ ವಿವರಿಸುತ್ತಿದ್ದರು. ಆ ಡ್ರೈವರ್ ಗೇಟಿನ ಹತ್ತಿರ ಗಾಡಿಯನ್ನು ಹೇಗೆ ಹದವಾಗಿ ತಂದ ಎಂದಿರಬೇಕು. ಆಂಟಿ ಹೂಂ, ಹೂಂ ಎನ್ನುತ್ತಿದ್ದರು, ಹೆಬ್ಬೆರಳು ತೆಗೆಯದೆ.