ಮಾತಿಲ್ಲದ ಅತ್ತಿಗೆ

ಕಟಪಾಡಿಯ ಭವ್ಯಶ್ರೀ ಮದುವೆಯಾಗಿ ದುಬೈಯ ಅಲ್ ನಹ್ದಾಕ್ಕೆ ಬಂದದ್ದು ೨೦೧೫ರಲ್ಲಿ. ಗಂಡ ರಿತೇಶ್‌ಗೆ ದೂರದ ಮದೀನತ್ ಜಾಯೆದ್‌ನಲ್ಲಿ ಎಣ್ಣೆ ಕಂಪೆನಿಯ ಕೆಲಸ; ಗುರುವಾರ ಸಂಜೆ ಬಂದರೆ ಶನಿವಾರ ಹೊರಟ. ಉಳಿದ ದಿನ ಮನೆಯಲ್ಲಿ ಎ.ಸಿ.ಯ ಸದ್ದೊಂದೇ. ಲಿಫ್ಟಿನಲ್ಲಿ ಯಾರಾದರೂ ಮುಖ ನೋಡಿ ನಕ್ಕರೆ ಅದೇ ಆ ದಿನದ ಮಾತುಕತೆ.

ಕಾಲೇಜಿನಲ್ಲಿ ಕಲಿತ ಜರ್ಮನ್ ಕೈಹಿಡಿಯಿತು. ಜರ್ಮನಿಯ ವಿಶ್ವವಿದ್ಯಾಲಯವೊಂದರವರು, ಯಾರೂ ಓದದೆ ಮೂಲೆಗೆ ಬಿದ್ದ ಹಳೆಯ ನಾಟಕಗಳನ್ನು ಕಂಪ್ಯೂಟರಿನ ಲೆಕ್ಕದಿಂದ ಅಳೆಯುತ್ತಿದ್ದರು. ಪಾತ್ರಕ್ಕೊಂದು ಚುಕ್ಕಿ, ಇಬ್ಬರು ಒಂದೇ ದೃಶ್ಯದಲ್ಲಿ ಮಾತಾಡಿದರೆ ನಡುವೆ ಗೆರೆ. ಹೀಗೆ ನೂರಾರು ನಾಟಕಗಳ ಗೆರೆ ಎಣಿಸಿ, ಹೆಸರು ಮಾಡಿದವಕ್ಕೂ ಮರೆತುಹೋದವಕ್ಕೂ ಏನು ವ್ಯತ್ಯಾಸವೆಂದು ನೋಡುವುದು. ಭವ್ಯಶ್ರೀ ಮನೆಯಲ್ಲೇ ಕೂತು ಗುರುತು ಹಾಕಿ ಕಳಿಸುತ್ತಿದ್ದಳು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅದು ತಪ್ಪಿದರೆ ವಾರವಿಡೀ ಅವಳ ಹೆಸರು ಹಿಡಿದು ಒಂದು ಇಮೇಲ್ ಬರೆಯುವವರೂ ಯಾರೂ ಇಲ್ಲ.

ಎಡವಿದ್ದು ಗಿರಣಿಯವನೊಬ್ಬನ ಮನೆಯ ಕತೆಯಿರುವ ನಾಟಕದಲ್ಲಿ. ಅವನ ವಿಧವೆ ಅತ್ತಿಗೆ ಮೊದಲಿಂದ ಕೊನೆಯತನಕ ರಂಗದ ಮೇಲೆಯೇ ಇದ್ದಾಳೆ, ಬಾಯಿ ಬಿಡುವುದಿಲ್ಲ. ಭವ್ಯಶ್ರೀ ಅವಳಿಗೂ ಚುಕ್ಕಿ ಇಟ್ಟು ಎಲ್ಲರತ್ತ ಗೆರೆ ಎಳೆದಳು. ಮುಖ್ಯಸ್ಥ ರುಡೊಲ್ಫ್ ಇಮೇಲ್ ಬರೆದರು: ಮಾತಿಲ್ಲದವರು ಲೆಕ್ಕಕ್ಕಿಲ್ಲ, ಒಂದು ನಾಟಕಕ್ಕೆ ಬೇರೆ ನಿಯಮವಾದರೆ ಹೋಲಿಕೆಯೇ ಕೆಡುತ್ತದೆ, ತಿದ್ದಿ ಕಳಿಸಿ, ಆಮೇಲೆ ಕೆಲಸದ ವಿಷಯ ನೋಡೋಣ.

ರಿತೇಶ್ ಫೋನಿನಲ್ಲಿ ನಕ್ಕ. "ಮಾತಾಡದವಳಿಗೆ ಗೆರೆ ಯಾಕೆ ಮಾರಾಯ್ತಿ? ಅವರು ಹೇಳಿದ ಹಾಗೆ ಮಾಡು, ಖಲಾಸ್."

"ಎಲ್ಲ ಕೇಳಿಸ್ಕೊಂಡು ಅಲ್ಲೇ ಕೂತಿದ್ದಾಳಲ್ಲ."

"ನಿನಗೆ ಅವಳೇನು ಸ್ವಂತ ಅತ್ತಿಗೆಯಾ?"

ಎರಡು ದಿನ ಭವ್ಯಶ್ರೀ ಅದನ್ನು ಮುಟ್ಟಲಿಲ್ಲ. ರುಡೊಲ್ಫ್ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ಕಷ್ಟ. ಮೂರನೆಯ ದಿನ ಅತ್ತಿಗೆಯನ್ನು ಅಳಿಸಿದಳು. ಉಳಿದ ಗೆರೆಗಳು ಕಂಪ್ಯೂಟರಿನಲ್ಲಿ ಒಮ್ಮೆ ಅಲುಗಾಡಿ, ಅಲ್ಲಿ ಯಾರೂ ಇರಲೇ ಇಲ್ಲವೆಂಬಂತೆ ಒತ್ತಾಗಿ ಕೂತವು.

ಬುಧವಾರ ಮಧ್ಯಾಹ್ನ ಉತ್ತರ ಬಂತು. ಕೆಲಸ ಖಾಯಂ.

ರಿತೇಶ್‌ಗೆ ಹೇಳಿದಳು. "ನೋಡು, ನಾನು ಹೇಳಿದ್ದೆ ಅಲ್ವಾ? ಆ ಹೆಂಗಸು?" ಎಂದ.

"ತೆಗೆದೆ."

"ಒಳ್ಳೇದಾಯ್ತು. ನಾಳೆ ನನಗೆ ಡ್ಯೂಟಿ ಉಂಟು, ಬರ್ಲಿಕ್ಕಾಗುದಿಲ್ಲ. ಊಟ ಮಾಡು ಆಯ್ತಾ."

ಫೋನಿಟ್ಟ ಮೇಲೆ ಭವ್ಯಶ್ರೀ ಆ ನಾಟಕವನ್ನೇ ತೆರೆದಳು. ಯಾರ ಮಾತನ್ನೂ ಓದಲಿಲ್ಲ. ಅತ್ತಿಗೆ ಏನು ಮಾಡುತ್ತಾಳೆಂದು ಆವರಣ ಚಿಹ್ನೆಗಳೊಳಗೆ ಬರೆದ ರಂಗಸೂಚನೆಗಳನ್ನಷ್ಟೇ ಹುಡುಕಿ, ಆ ಖಾಲಿ ಮನೆಯಲ್ಲಿ ಜರ್ಮನಿನಲ್ಲೇ ಗಟ್ಟಿಯಾಗಿ ಓದಿದಳು: ಬಾಗಿಲು ಹಾಕುತ್ತಾಳೆ. ಬ್ರೆಡ್ಡು ಕತ್ತರಿಸುತ್ತಾಳೆ. ಕಿಟಕಿಯ ಹತ್ತಿರ ಕೂರುತ್ತಾಳೆ.