ದೀಪವೂ ಬೇಕೆಂದು ಹಟ ಹಿಡಿದ ಅಜ್ಜಿ

ನಿನ್ನೆ ದೇವರ ಮನೆಯಲ್ಲಿ ಸೊಸೆ ಮೊಬೈಲಿನ ಫ್ಲ್ಯಾಶ್ ಹಾಕಿ ಫೋಟೋ ತೆಗೆದಳು. ದೀಪದ ಬೆಳಕೇ ಕಾಣಲಿಲ್ಲ. ದಡ್ಡಿ ಊರಿನ ನಮ್ಮ ಅಜ್ಜಿ ನೆನಪಾದಳು.

ಬಹಳ ವರ್ಷಗಳ ಹಿಂದೆ, ದೇವರ ಮನೆಯಲ್ಲಿ ಅಜ್ಜಿಯ ಫೋಟೋ ತೆಗೆಯಲು ಗೋಕಾಕದಿಂದ ಫೋಟೋದವರು ಬಂದಿದ್ದರು.

“ಫ್ಲ್ಯಾಶ್ ಬಲ್ಬ್ ಹಾರಿಸಿದ್ರ ನಿಮ್ಮ ದೀಪ ಕಾಣಂಗಿಲ್ರಿ ಅಜ್ಜಿ.”

“ಅತ್ತಿ ಕೊಟ್ಟ ನಂದಾದೀಪ ಅದು, ಒಂದಿನಾನೂ ಆರಿಸಿಲ್ಲ. ದೀಪ ಇಲ್ಲದ ಫೋಟೋ ನನಗ ಬ್ಯಾಡೋ ತಮ್ಮಾ.”

ಅವರು ಬಲ್ಬಿಗೆ ಕರವಸ್ತ್ರ ಮುಚ್ಚಿ ಅದರ ಬೆಳಕು ತಗ್ಗಿಸಿದರು. “ದೀಪ ಮೂಡಾಕ ಐದು ಎಣಿಸೂಮಟ ಕ್ಯಾಮೆರಾ ತೆರದಿರತೈತಿ. ಅಲುಗಾಡಬ್ಯಾಡ್ರಿ.”

“ಐದು ಸಲ ಶಿವನ ಹೆಸರು ಹೇಳತೇನಿ, ಆಮ್ಯಾಲ ಮುಚ್ಚು.”

ವಾರದ ಮೇಲೆ ಅವರೇ ಫೋಟೋ ತೊಳೆದು ತಂದರು. ದೀಪ, ಮುಖ ಎರಡೂ ಚೆನ್ನಾಗಿ ಮೂಡಿದ್ದವು. ಅಜ್ಜಿಯ ತುಟಿ ಮಾತ್ರ ಮಸುಕಾಗಿತ್ತು.

“ಇನ್ನೊಂದು ತಗೀತೇನ್ರಿ,” ಎಂದು ಅವರು ಪೇಚಾಡಿದರು.

“ಯಾಕೋ? ಅಲ್ಲಿ ಶಿವನ ಹೆಸರು ಐತಿ,” ಎಂದಳು ಅಜ್ಜಿ.

ಈಗಲೂ ದಿನಾ ಆ ಮಸುಕು ತುಟಿ ನೋಡಿಯೇ ನಾನು ಜಪ ಶುರು ಮಾಡುತ್ತೇನೆ.